ಕರಿಮದ್ದಿನ ಹಳೆಯ ಲಿವರ್ ರೈಫಲ್: ಹಾರಿಸಿದ ದಿನವೇ ತೊಳೆಯುವುದು ಹೇಗೆ?

ಕರಿಮದ್ದಿನ ತೋಟೆ ಹಾರಿಸಿದ ಕೋವಿಗೆ ಮೊದಲು ಬೇಕಾದದ್ದು ನೀರು, ಎಣ್ಣೆ ಆಮೇಲೆ. ಕಬ್ಬಿಣಕ್ಕೆ ನೀರು ಸೋಕಿದರೆ ತುಕ್ಕು ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವರಿಗೆ ಇದು ತಲೆಕೆಳಗಾದ ಮಾತೆನಿಸಬಹುದು. ಆದರೆ ಸಂಜೆ ಮನೆಗೆ ಬಂದು, ನಳಿಗೆಗೆ ಬರೀ ಎಣ್ಣೆ ಸವರಿ, ಗೋಡೆಗೆ ಒರಗಿಸಿಟ್ಟ ರೈಫಲ್‌ಗಳೇ ಒಳಗೊಳಗೆ ಗುಳಿಬಿದ್ದು ಹಾಳಾಗುತ್ತವೆ.

ಕಾರಣ ಮದ್ದಿನಲ್ಲೇ ಇದೆ. ಕರಿಮದ್ದು ಅಂದರೆ ಸುಮಾರು 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ. ಉರಿದಾಗ ಇದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ. ಅದು ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್‌ಗಳಾಗಿ ಉಳಿಯುತ್ತದೆ. ಒಂದಷ್ಟು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ, ಮಿಕ್ಕದ್ದು ನಳಿಗೆಯೊಳಗೆ ಕಪ್ಪಗೆ ಅಂಟಿಕೊಳ್ಳುತ್ತದೆ. ಈ ಲವಣಗಳು ಗಾಳಿಯಲ್ಲಿನ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನಲು ಶುರುಮಾಡುತ್ತವೆ. ಎಣ್ಣೆಯಲ್ಲಿ ಇವು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಬ್ರಿಟಿಷರ ಕಾಲದ .303 ರೈಫಲ್‌ಗಳಲ್ಲಿ ಕರಿಮದ್ದು ಹೋಗಿ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂದ ಮೇಲೂ ಸಿಪಾಯಿಗಳು ನಳಿಗೆಗೆ ಕುದಿಯುವ ನೀರು ಸುರಿಯುವುದನ್ನು ಬಿಡಲಿಲ್ಲ. ತೋಟೆಯ ಬುಡದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಆಗಿನ ಪ್ರೈಮರ್‌ಗಳಲ್ಲಿದ್ದ ಕ್ಲೋರೇಟ್ ಕೂಡ ಉರಿದ ಮೇಲೆ ಉಪ್ಪನ್ನೇ ಬಿಡುತ್ತಿತ್ತು.

ಲಿವರ್ ರೈಫಲ್ ಅಂದರೆ ಕೆಳಗಿರುವ ಲಿವರ್ ಹಿಡಿಯನ್ನು ಆಡಿಸಿ ತೋಟೆ ಏರಿಸುವ ಕೋವಿ. ಉದಾಹರಣೆಗೆ ವಿಂಚೆಸ್ಟರ್ 1873 ಮಾದರಿಯನ್ನೇ ತೆಗೆದುಕೊಳ್ಳೋಣ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ತಯಾರಾಗುತ್ತಿದ್ದ ಈ ರೈಫಲ್ 7 ಲಕ್ಷಕ್ಕೂ ಹೆಚ್ಚು ಹೊರಬಂತು. ಅಲ್ಲಿನ 1968ರ ಕಾನೂನು 1898ರೊಳಗೆ ತಯಾರಾದ ಬಂದೂಕುಗಳನ್ನು ಪುರಾತನ ವಸ್ತುಗಳೆಂದು ಬೇರೆಯಾಗಿ ನೋಡುತ್ತದೆ. ಹಾಗಾಗಿ ಅವು ಇನ್ನೂ ಗುರಿ ಅಭ್ಯಾಸದ ಮೈದಾನಗಳಲ್ಲಿ ಹೊಗೆ ಕಾರುತ್ತಿವೆ. ಇದರ ಪ್ರಸಿದ್ಧ ತೋಟೆ .44-40. ಹೆಸರಿನಲ್ಲಿರುವ 40 ಅಂದರೆ 40 ಗ್ರೇನ್ ಕರಿಮದ್ದು, ಗ್ರಾಂ ಲೆಕ್ಕದಲ್ಲಿ 2.6.

ಶುರುಮಾಡುವ ಮೊದಲು ಕೋವಿ ಖಾಲಿಯೇ ಎಂದು ನೋಡಿ. ಇದನ್ನು ಆತುರದಲ್ಲಿ ಮಾಡಬೇಡಿ. ಲಿವರ್ ಕೋವಿಯಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಕೊಳವೆಯ ಸ್ಪ್ರಿಂಗ್ ಸುಸ್ತಾಗಿದ್ದರೆ ಕೊನೆಯದೊಂದು ಒಳಗೇ ಸಿಕ್ಕಿಕೊಂಡಿರಬಹುದು. ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ ಲಿವರ್ ಅನ್ನು ಹಲವು ಸಲ ಪೂರ್ತಿ ಆಡಿಸಿ. ನಂತರ ದೀಪ ಹಿಡಿದು ನಳಿಗೆಯ ಹಿಂಭಾಗವನ್ನೂ ಕೊಳವೆಯ ಬಾಯಿಯನ್ನೂ ಕಣ್ಣಾರೆ ನೋಡಿ. ತುಂಬಿದ ತೋಟೆಗಳು ಕೆಲಸ ಮಾಡುವ ಮೇಜಿನ ಮೇಲಲ್ಲ, ಆ ಕೋಣೆಯಲ್ಲೂ ಇರಬಾರದು.

ಮಾರ್ಲಿನ್ ರೈಫಲ್ ಇಟ್ಟುಕೊಂಡವರ ಕೆಲಸ ಸುಲಭ. ಲಿವರ್‌ನ ಒಂದು ಸ್ಕ್ರೂ ಬಿಚ್ಚಿದರೆ ನಳಿಗೆಯ ಹಿಂಭಾಗವನ್ನು ಮುಚ್ಚುವ ತುಂಡು, ಅಂದರೆ ಬೋಲ್ಟ್, ಹೊರಬರುತ್ತದೆ, ಹಿಂದಿನಿಂದಲೇ ಸರಳು ತೂರಿಸಬಹುದು. 1873ರಲ್ಲಿ ಹಾಗಾಗದು, ಬಾಯಿಯ ಕಡೆಯಿಂದಲೇ ತೊಳೆಯಬೇಕು. ಸರಳು ತಿಕ್ಕಿ ತಿಕ್ಕಿ ನಳಿಗೆಯ ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ, ಆಮೇಲೆ ಏನು ಮಾಡಿದರೂ ಹಿಂದಿನಂತಾಗುವುದು ಕಷ್ಟ. ಆದ್ದರಿಂದ ಹಿತ್ತಾಳೆಯ ಸರಳು ಬಳಸಿ, ಬಾಯಿಗೆ ಸರಳನ್ನು ನಡುವಿಗೆ ಹಿಡಿದಿಡುವ ಬಿಲ್ಲೆಯೊಂದನ್ನು ಕೂರಿಸಿ. ವಿಂಚೆಸ್ಟರ್ ಕಂಪನಿ ಹಿಂಬದಿಯ ಮರದೊಳಗೆ ಗೂಡು ಕೊರೆದು, ತುಂಡು ತುಂಡಾಗಿ ಜೋಡಿಸುವ ಸರಳನ್ನು ಅಲ್ಲೇ ಇಟ್ಟು ಮಾರುತ್ತಿತ್ತು. ಕೊಂಡವನು ತೊಳೆಯಲೇಬೇಕು ಎಂಬುದು ತಯಾರಕರಿಗೂ ಗೊತ್ತಿತ್ತು.

ಈಗ ಒಂದು ಖಾಲಿ ತೋಟೆಯನ್ನು ನಳಿಗೆಯ ಹಿಂಭಾಗಕ್ಕೆ ಸೇರಿಸಿ ಬೋಲ್ಟ್ ಮುಚ್ಚಿ. ಕೊಳಕು ನೀರು ಒಳಗಿನ ಸಂದುಗಳಿಗೆ ಇಳಿಯದಂತೆ ಅದೇ ಬಿರಡೆಯಾಗುತ್ತದೆ. ರೈಫಲ್ ಅನ್ನು ತಲೆಕೆಳಗಾಗಿ ಮಲಗಿಸಿಕೊಳ್ಳಿ. ಒಂದು ಲೀಟರ್ ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರಾವಣ ನಾಲ್ಕು ಹನಿ ಸಾಕು. ಹಳೆಯ ಹತ್ತಿ ಪಂಚೆಯನ್ನು ಚೌಕ ಚೂರುಗಳಾಗಿ ಕತ್ತರಿಸಿ, ನೀರಿನಲ್ಲಿ ಅದ್ದಿ, ಸರಳಿನ ತುದಿಗೆ ಸಿಕ್ಕಿಸಿ ಒಳಗೆ ಬಿಡಿ. ಮೊದಲ ಚೂರು ಹೊರಬರುವಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಗಂಧಕದ ಲವಣಗಳಿಗೆ ನೀರು ಮುಟ್ಟಿದ ಗುರುತು ಅದು. ನಾಲ್ಕೈದು ಚೂರು ಆದಮೇಲೆ ಕಂಚಿನ ಬ್ರಷ್ ಒಮ್ಮೆ ಆಡಿಸಿ, ಮತ್ತೆ ಒದ್ದೆ ಬಟ್ಟೆ. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ನಿಲ್ಲಿಸಬೇಡಿ.

ನೀರು ಎಷ್ಟು ಬಿಸಿ ಇರಬೇಕು ಎಂಬುದರಲ್ಲಿ ಬಲ್ಲವರಲ್ಲೇ ಎರಡು ಪಂಗಡ. ಕುದಿಯುವ ನೀರಾದರೆ ಲೋಹ ಕಾದು ತಾನೇ ಒಣಗುತ್ತದೆ ಎನ್ನುತ್ತಾರೆ ಕೆಲವರು. ಆದರೆ ಕಾದ ಉಕ್ಕಿನ ಮೇಲೆ ಕ್ಷಣದಲ್ಲೇ ಕೆಂಪು ತುಕ್ಕಿನ ಪದರ ಮೂಡುವುದೂ ಉಂಟು. ಕೈ ತಡೆಯುವಷ್ಟು ಬಿಸಿ ಸಾಕು ಎಂಬ ಕಡೆಗೇ ನನ್ನ ಒಲವು, ಒಣಗಿಸುವ ಕೆಲಸವನ್ನು ಬಟ್ಟೆಗೇ ಬಿಡಿ. ಒಣ ಚೂರುಗಳು ಪೂರ್ತಿ ಒಣಗಿಯೇ ಬಂದಮೇಲೆ ತೆಳುವಾಗಿ ಬಂದೂಕಿನ ಎಣ್ಣೆ ಸವರಿ. ಅಗಸೆ ಎಣ್ಣೆ ಮರದ ಭಾಗಕ್ಕೆ ಮಾತ್ರ, ಅದು ಒಣಗಿ ಗಟ್ಟಿಯಾಗುವುದರಿಂದ ಚಲಿಸುವ ಭಾಗಗಳನ್ನು ಕಚ್ಚಿಹಿಡಿಯುತ್ತದೆ.

ಪಕ್ಕದ ತಗಡುಗಳನ್ನು ಬಿಚ್ಚುವ ಆಸೆ ಪ್ರತಿ ಸಲವೂ ಬೇಡ. .44-40 ತೋಟೆಯ ಕುತ್ತಿಗೆಯ ಹಿತ್ತಾಳೆ ಬಲು ತೆಳು, ಸುಮಾರು 0.2 ಮಿಲಿಮೀಟರ್. ಹಾರಿದ ಕ್ಷಣದಲ್ಲಿ ಅದು ಹಿಗ್ಗಿ ಗೋಡೆಗೆ ಅಂಟುವುದರಿಂದ ಮಸಿ ಹಿಂದಕ್ಕೆ ಬರುವುದು ಕಡಿಮೆ. ಲಿವರ್ ತೆರೆದು, ಕಾಣುವಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಕೀಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟರೆ ಸಾಕು. ಬಿಚ್ಚಲೇಬೇಕಾದರೆ ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇರಲಿ. ತಿರುಚಿ ಹರಿದ ಸ್ಕ್ರೂ ತಲೆಗಳು ಹಳೆಯ ಕೋವಿಯ ಬೆಲೆಯನ್ನೂ ಅಂದವನ್ನೂ ಕೆಡಿಸುತ್ತವೆ. ತೋಟೆ ಎತ್ತಿಕೊಡುವ ಹಿತ್ತಾಳೆಯ ತುಂಡನ್ನು ಉಜ್ಜಿ ಫಳಫಳ ಹೊಳೆಸಬೇಡಿ, ಅದರ ಮೇಲಿನ ಕಂದು ಬಣ್ಣಕ್ಕೆ ನೂರು ವರ್ಷ ಹಿಡಿದಿದೆ.

ಮತ್ತೆ ತುಂಬಿಸಲೆಂದು ಎತ್ತಿಟ್ಟ ಖಾಲಿ ತೋಟೆಗಳಿಗೂ ಇದೇ ಅವಸರ ಬೇಕು. ಮೈದಾನದಲ್ಲೇ ಸೋಪಿನ ನೀರಿರುವ ಡಬ್ಬಿಗೆ ಹಾಕಿ ತನ್ನಿ. ಬಳಸಿದ ಪ್ರೈಮರ್ ತೆಗೆದು, ಒಳಹೊರಗೆ ತೊಳೆದು, ನೆರಳಲ್ಲಿ ಒಣಗಿಸಿ. ಹುಣಸೆ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಕಿಲುಬು ಬಿಡುತ್ತದೆ, ಆದರೆ ರಾತ್ರಿಯಿಡೀ ಬಿಟ್ಟರೆ ಸತು ಕರಗಿಹೋಗಿ ತಾಮ್ರದ ನಸುಗೆಂಪು ಕಾಣಿಸಿಕೊಳ್ಳುತ್ತದೆ. ಅಂಥದ್ದನ್ನು ಎಸೆಯಿರಿ. ಅಮೋನಿಯಾ ಇರುವ ಪಾಲಿಶ್ ಅಂತೂ ಕೂಡದೇ ಕೂಡದು. ಇದರ ಪಾಠ ನಮ್ಮ ದೇಶದಲ್ಲೇ ಸಿಕ್ಕಿದ್ದು. ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟೆಗಳ ಹಿತ್ತಾಳೆ ತಾನಾಗಿ ಸೀಳುಬಿಡುತ್ತಿತ್ತು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತಣ್ಣಗೆ ಎಳೆದು ರೂಪಿಸಿದ ಹಿತ್ತಾಳೆಯೊಳಗಿನ ಬಿಗಿತ, ಇವೆರಡೂ ಸೇರಿ ಬಿರುಕು ಮೂಡುತ್ತದೆ ಎಂಬುದನ್ನು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ತೋಟೆ ಮತ್ತೆ ಬಳಕೆಗೆ ಬರಬಾರದು. 1873ರ ಕೀಲುಗಳು ಕರಿಮದ್ದಿನ ಒತ್ತಡಕ್ಕೆಂದು ಮಾಡಿದವು, ಆಧುನಿಕ ಹೊಗೆರಹಿತ ಮದ್ದನ್ನು ಅಂದಾಜಿನಲ್ಲಿ ತುಂಬುವುದು ಜೀವಕ್ಕೇ ಅಪಾಯ.

ನಮ್ಮಲ್ಲಿ ಲಿವರ್ ರೈಫಲ್ ಅಪರೂಪ. ಆದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜಿಸುವ ಕೊಡಗಿನ ಮನೆಗಳಲ್ಲಿ, ಬಾಯಿಂದ ಕರಿಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವ ಕೇಪಿನ ಕೋವಿ ಇದ್ದರೆ ಅದರೊಳಗೆ ಉಳಿಯುವುದೂ ಇದೇ ಉಪ್ಪು. ಮುಂಗಾರಿನ ತೇವದಲ್ಲಿ ಅದು ಇನ್ನೂ ಬೇಗ ಕೆಲಸ ಶುರುಮಾಡುತ್ತದೆ.

ಚರ್ಮದ ಚೀಲದಲ್ಲಿ ಕೋವಿ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಬಾಯಿ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುವುದಿಲ್ಲ. ಮರುದಿನ ಬೆಳಿಗ್ಗೆ ಒಂದು ಬಿಳಿ ಚೂರನ್ನು ನಳಿಗೆಯೊಳಗೆ ಓಡಿಸಿ. ಕಂದು ಬಣ್ಣ ಹತ್ತಿದ್ದರೆ ಉಪ್ಪು ಇನ್ನೂ ಒಳಗಿದೆ ಎಂದರ್ಥ. ಎಣ್ಣೆ ಒರೆಸಿ ತೆಗೆದು, ಮತ್ತೆ ಬಿಸಿನೀರಿನಿಂದ ಶುರುಮಾಡಿ.