ಎಚ್‌ಎಂಟಿ ಬಿಡಿಭಾಗಕ್ಕೆ ಎಚ್‌ಎಂಟಿಯೇ ಗತಿ: ನನ್ನ ಅನುಭವ

ಹಳೆಯ ಜನತಾ, ಪೈಲಟ್ ವಾಚುಗಳಿಗೆ ಬಿಡಿಭಾಗಗಳನ್ನು ಒಂದೊಂದಾಗಿ ಹುಡುಕುವುದನ್ನು ಬಿಟ್ಟು, ನಿಂತುಹೋದ ವಾಚುಗಳನ್ನೇ ಸಗಟಾಗಿ ಕೊಳ್ಳುತ್ತೇನೆ ಎಂದಾಗ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಿರಿಯ ರಿಪೇರಿಗಾರರೂ ಸೇರಿದಂತೆ ಬಲ್ಲವರೆಲ್ಲರೂ ಹಣ ಗುಜರಿಗೆ ಹೋಗುತ್ತದೆ ಎಂದರು. ಇಂದು ನನ್ನಲ್ಲಿ ಓಡುತ್ತಿರುವ ಇಪ್ಪತ್ತಕ್ಕೂ ಹೆಚ್ಚು 0231 ಮಷಿನ್‌ಗಳು (ಈ ವಾಚುಗಳೊಳಗಿನ, ಚಾವಿ ಕೊಡುವ ಯಂತ್ರ) ಆ ಗುಜರಿಯಿಂದಲೇ ಎದ್ದುಬಂದವು.

ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಬಳಿಕ ಕಾರ್ಖಾನೆಯ ಸರಕು ಸಿಗುವ ಆಸೆ ಉಳಿಯಲಿಲ್ಲ. ಬಿಡಿಯಾಗಿ ಬ್ಯಾಲೆನ್ಸ್ ಸ್ಟಾಫ್ (ಓಲಾಡುತ್ತ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಅಚ್ಚು) ಒಂದಕ್ಕೆ ಸುಮಾರು ಮುನ್ನೂರು ರೂಪಾಯಿ ತೆತ್ತು ತರಿಸಿದರೆ, ಅವುಗಳಲ್ಲಿ ಅರ್ಧದಷ್ಟರ ಪಿವಟ್ ಎಂಬ ತುದಿ ದಪ್ಪವಾಗಿದ್ದು, ಅದು ಕೂರಬೇಕಾದ ಕಲ್ಲಿನ ರಂಧ್ರದೊಳಗೆ ಇಳಿಯಲೇ ಇಲ್ಲ. ಲೇತ್‌ನಲ್ಲಿ ಮಾಡಿಸಿದ್ದಕ್ಕೆ ಅದರ ಮೂರು ಪಟ್ಟು ಖರ್ಚಾಯಿತು, ವಾಚು ಮಾತ್ರ ಒಂದು ಭಂಗಿಯಲ್ಲಿ ಓಡಿ ಇನ್ನೊಂದರಲ್ಲಿ ನಿಲ್ಲುತ್ತಿತ್ತು.

ಹಾಗಾಗಿ ಸ್ಟಾಫ್ ಬದಲಿಸುವ ಗೋಜನ್ನೇ ಬಿಟ್ಟು, ಗುಜರಿ ವಾಚಿನ ಬ್ಯಾಲೆನ್ಸನ್ನು ಅದರ ಹೇರ್‌ಸ್ಪ್ರಿಂಗ್ (ಕೂದಲೆಳೆಯಂಥ ಸುರುಳಿ) ಮತ್ತು ಅದನ್ನು ಮೇಲಿನಿಂದ ಹಿಡಿದಿಡುವ ಅದರದೇ ಬ್ರಿಡ್ಜ್ ಸಮೇತ ಎತ್ತಿ ಕೂರಿಸತೊಡಗಿದೆ. ಸುರುಳಿಯ ಹೊರತುದಿಯನ್ನು ಬ್ರಿಡ್ಜ್‌ಗೆ ಕಟ್ಟುವ ಸ್ಟಡ್ಡನ್ನು ಬಿಚ್ಚದೆ ಇರುವುದರಿಂದ ಹೇರ್‌ಸ್ಪ್ರಿಂಗ್ ಡೊಂಕಾಗುವುದಿಲ್ಲ. ಕೂರಿಸಿದ ಮೇಲೆ ಅಚ್ಚಿನ ಮೇಲುಕೆಳಗಿನ ಆಟವನ್ನು (ಅಲುಗಾಡಲು ಇರುವ ಸಣ್ಣ ಸಡಿಲವನ್ನು) ನೋಡಲೇಬೇಕು. ಆಟ ಸರಿಯಿಲ್ಲದಿದ್ದರೆ ಇನ್ನೊಂದು ಬ್ಯಾಲೆನ್ಸ್-ಬ್ರಿಡ್ಜ್ ಜೋಡಿಯನ್ನು ಹಾಕಿ ನೋಡುತ್ತೇನೆ, ಸಗಟಾಗಿ ಕೊಂಡ ಲಾಭ ತಿಳಿಯುವುದೇ ಅಲ್ಲಿ.

ಬಾಗಿಲು ಹಾಕುತ್ತಿರುವ ಸಣ್ಣ ಊರಿನ ರಿಪೇರಿ ಅಂಗಡಿಗಳಲ್ಲಿ ನಲವತ್ತರ ಆಸುಪಾಸಿನ ಒಂದು ಲಾಟ್ ಆರೇಳು ಸಾವಿರಕ್ಕೆ ಸಿಕ್ಕಿದೆ. ಯಾವ ಊರುಗಳೆಂದು ಹೇಳಲಾರೆ. ನೀರು ಹೊಕ್ಕ ವಾಚನ್ನು ಎಸೆಯಬಾರದು, ಏಕೆಂದರೆ ಹೆಚ್ಚಿನವುಗಳಲ್ಲಿ ಚಾವಿಯ ಕಡೆಯ ಲಿವರ್, ಸ್ಪ್ರಿಂಗ್‌ಗಳು ತುಕ್ಕು ಹಿಡಿದಿದ್ದರೂ ಬ್ಯಾಲೆನ್ಸ್ ಶುದ್ಧವಾಗಿರುತ್ತದೆ. ಹೊಸದಾಗಿ ಬಣ್ಣ ಹೊಡೆದ ಡಯಲ್‌ನ ಥಳಕಿನ ವಾಚುಗಳನ್ನು ನಾನು ಮುಟ್ಟುವುದಿಲ್ಲ. ಅವುಗಳೊಳಗೆ ಆಗಲೇ ಯಾರೋ ಕಲಬೆರಕೆ ಮಾಡಿ ಮುಗಿಸಿರುತ್ತಾರೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಮಷಿನ್‌ನ ಭಾಗಗಳನ್ನು ಹೊರುವ ಹಿತ್ತಾಳೆಯ ಪ್ಲೇಟಿನಲ್ಲಿ ತಲೆ ಮುರಿದು ಕುಳಿತ ಉಕ್ಕಿನ ಸ್ಕ್ರೂವನ್ನು ಬಿಸಿ ಪಟಿಕದ ನೀರು ಕರಗಿಸುತ್ತದೆ, ಹಿತ್ತಾಳೆ ಹಾಗೆಯೇ ಉಳಿಯುತ್ತದೆ. ಉಕ್ಕಿನ ಉಳಿದ ಭಾಗಗಳನ್ನೆಲ್ಲ ಮೊದಲೇ ಬಿಚ್ಚಿಡಬೇಕು. ನೀರಿನ ಹದವನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ಹಲವು ಪ್ಲೇಟುಗಳನ್ನು ಕಳೆದುಕೊಂಡಿದ್ದೇನೆ.

ಒಂದು ವಾಚನ್ನು ಓಡಿಸಲು ಹಿಂದೆ ಸಾವಿರಕ್ಕೂ ಮೇಲೆ ಆಗುತ್ತಿದ್ದ ಖರ್ಚು ಈಗ ಸುಮಾರು ಐನೂರಕ್ಕೆ ಇಳಿದಿದೆ. ಎಚ್‌ಎಂಟಿಯದೇ ಕಾಂಚನ್ ವಾಚಿನ, ಕೈಯ ಅಲುಗಾಟದಿಂದಲೇ ಚಾವಿ ತುಂಬುವ ಆಟೊಮ್ಯಾಟಿಕ್ ಮಷಿನ್‌ಗೆ ಈ ಲೆಕ್ಕ ಹೊಂದುವುದಿಲ್ಲ. ನಾನು ಕೊಂಡ ಲಾಟ್‌ಗಳಲ್ಲಿ ಅದು ಅಪರೂಪ, ಸಿಕ್ಕಾಗಲೂ ಚಾವಿ ತುಂಬಲು ತಿರುಗುವ ರೋಟರ್ ಇಲ್ಲದೆಯೇ ಸಿಕ್ಕಿದೆ.