ತೋಟದ ಹುಲ್ಲು ಕತ್ತರಿಸಲು ಹಳೆಯ ಮಿನಿ ಟ್ರ್ಯಾಕ್ಟರ್: ಕೊಳ್ಳುವಾಗ ಏನೇನು ನೋಡಬೇಕು

ತಿಪಟೂರಿನ ಹತ್ತಿರ ನನ್ನದು ನಾಲ್ಕು ಎಕರೆ ತೆಂಗಿನ ತೋಟ. ಮಳೆ ಹಿಡಿದರೆ ಸಾಕು, ಹುಲ್ಲು, ಕಾಂಗ್ರೆಸ್ ಗಿಡ ಎಲ್ಲ ಮಂಡಿಗೆ ಬರುತ್ತವೆ. ಬಿದ್ದ ಕಾಯಿ ಕಾಣುವುದಿಲ್ಲ, ಹಾವಂತೂ ಕಾಣುವುದೇ ಇಲ್ಲ. ಮೊದಲು ಬಾಡಿಗೆಗೆ ಮಣ್ಣು ಕಲಸುವ ರೋಟಾವೇಟರ್ ಹೊಡೆಸುತ್ತಿದ್ದೆ. ಪ್ರತಿ ಸಲ ತೆಂಗಿನ ಎಳೆ ಬೇರು ಕಿತ್ತು ಮೇಲೆ ಬರುವುದನ್ನು ನೋಡಲಾಗದೆ ಬಿಟ್ಟೆ. ಈಗ ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಬ್ಲೇಡ್ ತಿರುಗುವ ಸ್ಲ್ಯಾಷರ್‌ನಲ್ಲಿ ಹುಲ್ಲು ಕತ್ತರಿಸಿ ಅಲ್ಲೇ ನೆಲಕ್ಕೆ ಹೊದಿಕೆಯಾಗಿ ಬಿಡುತ್ತೇನೆ.

ಇದಕ್ಕಾಗಿ ಎರಡು ಸಲ ಹಳೆಯ ಟ್ರ್ಯಾಕ್ಟರ್ ಕೊಂಡಿದ್ದೇನೆ. ಮೊದಲನೆಯದು ಉಳುಮೆಗೆ ಚೆನ್ನಾಗಿತ್ತು, ಹುಲ್ಲಿಗೆ ಆಗಲಿಲ್ಲ. ಎರಡೂ ಒಂದೇ ಅಲ್ವಾ ಅಂದುಕೊಂಡಿದ್ದೆ.

ಮೊದಲು ತೋಟ ಅಳೆಯಿರಿ, ಆಮೇಲೆ ಗಾಡಿ ನೋಡಿ. ನನ್ನಲ್ಲಿ ತೆಂಗಿನ ಸಾಲುಗಳ ನಡುವೆ 25 ಅಡಿ, ಮಧ್ಯೆ ಒಂದು ಸಾಲು ಅಡಿಕೆ. ಪಾತಿ ಬಿಟ್ಟರೆ ಓಡಾಡಲು ಸಿಗುವುದು ಆರೂವರೆ ಅಡಿ. ಅಲ್ಲಿಗೆ ನಾಲ್ಕು ಅಡಿ ಸ್ಲ್ಯಾಷರ್ ಸಾಕು. ಸ್ಲ್ಯಾಷರಿನ ಒಂದೊಂದು ಅಡಿ ಅಗಲಕ್ಕೆ 5 ಎಚ್‌ಪಿ ಅಂತ ಲೆಕ್ಕ ಹಿಡಿಯಿರಿ, ಅದೂ ಪಿಟಿಒದಲ್ಲಿ, ಅಂದರೆ ಸ್ಲ್ಯಾಷರ್ ತಿರುಗಿಸಲು ಟ್ರ್ಯಾಕ್ಟರಿನ ಹಿಂದೆ ಇರುವ ಶಾಫ್ಟಿನಲ್ಲಿ, ಸಿಗುವ ಎಚ್‌ಪಿ. ಎಂಜಿನ್ನಿನ ಎಚ್‌ಪಿ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಮಹೀಂದ್ರಾ ಜೀವೋ 245, ಕುಬೋಟಾ ಬಿ2441 ಎರಡೂ 24 ಎಚ್‌ಪಿಯವು. ವಿಎಸ್‌ಟಿ ಎಂಟಿ 270 ಅಂದರೆ 27. ಈ ಅಳತೆಯ ಗಾಡಿ ಹುಡುಕಿ. 15 ಎಚ್‌ಪಿಯ ಸ್ವರಾಜ್ 717 ಸಣ್ಣ ಕೆಲಸಕ್ಕೆ ಸರಿ, ಮಂಡಿಯೆತ್ತರದ ಹುಲ್ಲಿಗೆ ನಾಲ್ಕು ಅಡಿ ಸ್ಲ್ಯಾಷರ್ ಕಟ್ಟಿದರೆ ಉಸಿರು ಕಟ್ಟುತ್ತದೆ. "ಎಚ್‌ಪಿ ಜಾಸ್ತಿ ಇರ್ಲಿ ಕಣಮ್ಮ" ಅಂತ ನಮ್ಮ ಸೋದರಮಾವ ದೊಡ್ಡ ಗಾಡಿಯನ್ನೇ ತೋರಿಸುತ್ತಿದ್ದರು. ಅದನ್ನು ಅಡಿಕೆ ಸಾಲಿನ ತುದಿಯಲ್ಲಿ ತಿರುಗಿಸುವವರು ಯಾರು?

ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ, ತಿರುವು ಎಲ್ಲ ಸೇರಿ, ನಾಲ್ಕು ಅಡಿಯ ಸ್ಲ್ಯಾಷರ್ ಗಂಟೆಗೆ ಮುಕ್ಕಾಲು ಎಕರೆಗಿಂತ ಸ್ವಲ್ಪ ಕಡಿಮೆ ಮುಗಿಸುತ್ತದೆ. ನಾಲ್ಕು ಎಕರೆಗೆ ಒಂದು ದಿನ. ಇನ್ನೇನು ಬೇಕು?

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಕ್ಲಚ್. ನನ್ನ ಮೊದಲ ಗಾಡಿಗೆ ಸಿಂಗಲ್ ಕ್ಲಚ್ ಇತ್ತು. ಪೆಡಲ್ ಒತ್ತಿದರೆ ಎಂಜಿನ್ನಿನ ಬಲ ಚಕ್ರಕ್ಕೂ ಇಲ್ಲ, ಪಿಟಿಒಗೂ ಇಲ್ಲ. ಆದರೆ ಭಾರದ ಬ್ಲೇಡ್ ಥಟ್ಟನೆ ನಿಲ್ಲುತ್ತದೆಯೇ? ಅದು ತಿರುಗುತ್ತಲೇ ಇದ್ದು, ಆ ಬಲ ಗೇರ್‌ಬಾಕ್ಸ್ ಮೂಲಕ ಚಕ್ರಕ್ಕೆ ಬಂದು ಗಾಡಿಯನ್ನೇ ಮುಂದೆ ತಳ್ಳುತ್ತದೆ. ಎರಡನೇ ದಿನ ಕ್ಲಚ್ ಒತ್ತಿ ನಿಲ್ಲಿಸಲು ಹೋಗಿ ಸೀದಾ ತೆಂಗಿನ ಮರಕ್ಕೆ ಗುದ್ದಿದೆ. ಮರಕ್ಕೇನೂ ಆಗಲಿಲ್ಲ, ರೇಡಿಯೇಟರ್ ಹೋಯಿತು. ಪಿಟಿಒ ಶಾಫ್ಟಿಗೆ ಹಾಕುವ, ಬ್ಲೇಡಿನ ಬಲ ವಾಪಸು ಗಾಡಿಗೆ ಬರದಂತೆ ತಡೆಯುವ ಓವರ್‌ರನ್ನಿಂಗ್ ಕ್ಲಚ್ ಇದ್ದರೆ ಹೀಗಾಗುವುದಿಲ್ಲ. ಅದಕ್ಕಿಂತ ಡ್ಯುಯಲ್ ಕ್ಲಚ್ ಅಥವಾ ಬೇರೆಯೇ ಪಿಟಿಒ ಕ್ಲಚ್ ಇರುವ ಗಾಡಿ ಮೇಲು. ಡ್ಯುಯಲ್ ಆದರೆ ಪೆಡಲ್ ಅರ್ಧ ಒತ್ತಿದಾಗ ಚಕ್ರ ನಿಂತು ಬ್ಲೇಡ್ ತಿರುಗುತ್ತಿರುತ್ತದೆ. ದಟ್ಟ ಹುಲ್ಲು ಸಿಕ್ಕಿದ ಕಡೆ ಇದು ಎಷ್ಟು ಮುಖ್ಯ ಅಂತ ಕತ್ತರಿಸಿದವರಿಗೇ ಗೊತ್ತು. ಮಾರುವವರು "ಡ್ಯುಯಲ್ಲೇ" ಅಂದರೆ ನಂಬಬೇಡಿ, ಸ್ಲ್ಯಾಷರ್ ಕಟ್ಟಿಸಿ ಒತ್ತಿ ನೋಡಿ.

ಹಾಗೇ ಇನ್ನೊಂದು. ಸ್ಲ್ಯಾಷರ್‌ಗೆ ಪಿಟಿಒ ನಿಮಿಷಕ್ಕೆ 540 ಸುತ್ತು ಬೇಕು, ಅದಕ್ಕೆ ಆಕ್ಸಿಲರೇಟರ್ ಏರಿಸಿಯೇ ಇಡಬೇಕು. ಹಾಗೆ ಏರಿಸಿ ಅತಿ ಕಡಿಮೆ ಗೇರಿನಲ್ಲಿ ಮಾರುವವರಿಗೇ ಓಡಿಸಲು ಹೇಳಿ, ನೀವು ಪಕ್ಕದಲ್ಲಿ ನಡೆಯಿರಿ. ಗಾಡಿ ನಿಮ್ಮನ್ನು ಹಿಂದೆ ಹಾಕಿದರೆ ಬಿಟ್ಟುಬಿಡಿ.

540 ಅಂದರೆ ಸೆಕೆಂಡಿಗೆ 9 ಸುತ್ತು. ಪಂಚೆ, ಟವೆಲ್, ಸೀರೆ ಸೆರಗು ಸಿಕ್ಕಿದರೆ ಕೂಗಲೂ ಸಮಯ ಇರುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವರ್, ಪಿಟಿಒ ಮೇಲಿನ ತಗಡು ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ನಾನು ತೋಟಕ್ಕೆ ಹೋಗುವುದು ಪ್ಯಾಂಟು, ಅಣ್ಣನ ಹಳೆಯ ಶರ್ಟಿನಲ್ಲಿ.

ಎಂಜಿನ್ ನೋಡಲು ಬೆಳಿಗ್ಗೆಯೇ, ಹೇಳದೆ ಹೋಗಿ. ಮೊದಲು ಕೈ ಇಟ್ಟು ನೋಡಿ. ಬಿಸಿ ಇದ್ದರೆ ನಿಮಗಾಗಿ ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ಹೋದರೆ ತೊಂದರೆ ಇಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ ನೀರು ಸೇರಿದೆ, ಚೌಕಾಶಿಯೂ ಬೇಡ. ಸ್ಲ್ಯಾಷರ್ ಎತ್ತಿ ಎಂಜಿನ್ ಆಫ್ ಮಾಡಿ, ಟೀ ಕುಡಿದು ಬನ್ನಿ. ನೆಲಕ್ಕೆ ಕೂತಿದ್ದರೆ ಹೈಡ್ರಾಲಿಕ್ ಸೋರುತ್ತಿದೆ. ಯಾರೂ ಅದರ ಕೆಳಗೆ ಕೈ ಹಾಕದಂತೆ ನೋಡಿಕೊಳ್ಳಿ.

ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಗಂಟೆ ಮೀಟರನ್ನು ನಾನು ನಂಬುವುದಿಲ್ಲ, ಅದನ್ನು ಬದಲಿಸಬಹುದು. ಕ್ಲಚ್ ಪೆಡಲ್ಲಿನ ರಬ್ಬರ್, ಸೀಟು, ಟ್ರೈಲರ್ ಸಿಕ್ಕಿಸುವ ಹಿಚ್‌ನ ತೂತು ಸುಳ್ಳು ಹೇಳುವುದಿಲ್ಲ. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಆ ಗಾಡಿ ಟ್ರೈಲರಿನಲ್ಲಿ ಇಟ್ಟಿಗೆಯೋ ಮರಳೋ ಎಳೆದಿದೆ. ಭತ್ತದ ಗದ್ದೆಯಲ್ಲಿ ಕೆಸರು ಹೊಡೆದಿದ್ದರೆ ಚಕ್ರದ ನಡುವಿನ ಹಬ್ ಹತ್ತಿರ, ಮುಂದಿನ ಆಕ್ಸಲ್ ಸೀಲಿನಲ್ಲಿ ಆಯಿಲ್ ಕಲೆ ಇರುತ್ತದೆ. 4-ವೀಲ್ ಡ್ರೈವ್ ಆದರೆ ಮುಂದೆ, ಹಿಂದೆ ಕಂಪನಿ ಹೇಳಿದ ಅಳತೆಯ ಟೈರೇ ಇರಬೇಕು. ಬೇರೆ ಅಳತೆ ಹಾಕಿದರೆ ಒಳಗಿನ ಗೇರ್‌ಗಳು ಒಂದನ್ನೊಂದು ಎಳೆದಾಡುತ್ತವೆ. ಗ್ರೀಸ್ ನಿಪ್ಪಲ್ ಒಣಗಿ ಧೂಳು ಹಿಡಿದಿದ್ದರೆ ಯಜಮಾನರ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ಸಣ್ಣ ಮಾತು: ಸೈಲೆನ್ಸರ್ ಮೇಲಕ್ಕೆ ನಿಂತಿದ್ದರೆ ಎಳೆ ತೆಂಗಿನ ಗರಿಗೆಲ್ಲ ತಗಲುತ್ತದೆ, ಕೆಳಗಿದ್ದರೆ ಒಳ್ಳೆಯದು.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಗಾಡಿಯದ್ದೇ ಅಂತ ಬೆರಳಿಟ್ಟು ಓದಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರಲಿ. ಹೆಸರು ಬದಲಾವಣೆಗೆ ಫಾರಂ 29, 30. ಪೂರ್ತಿ ಹಣ ಆಮೇಲೆ.

ಗಾಡಿ ತೋಟಕ್ಕೆ ಬಂದ ಮೇಲೆ, ಮೊದಲ ದಿನ ಬ್ಲೇಡ್ ಇಳಿಸುವ ಮುನ್ನ ಡ್ರಿಪ್ ಪೈಪ್ ಎಲ್ಲ ಎತ್ತಿ ಮರದ ಬುಡಕ್ಕೆ ಕಟ್ಟಿ. ನಾನು ಕಟ್ಟಿರಲಿಲ್ಲ. ಒಂದು ಸಾಲಿನ ಪೈಪು ಬ್ಲೇಡಿಗೆ ಸುತ್ತಿಕೊಂಡು ಕರಗಿ ಉಂಡೆಯಾಗಿತ್ತು. ಅದನ್ನು ಕುಡುಗೋಲಿನಲ್ಲಿ ಕೊಯ್ದು ತೆಗೆಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.