ಮಷಿನ್ ಸದ್ದಿನ ಜಾಗಕ್ಕೆ ಎಂಥ ಹೆಡ್‌ಫೋನ್ ಬೇಕು?

ಕೊಯ್ಲು ಶುರುವಾದರೆ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಮಷಿನ್‌ಗಳಿಗೆ ಬಿಡುವೇ ಇಲ್ಲ. ಆಫ್ ಮಾಡಿದ ಮೇಲೂ ಕಿವಿಯಲ್ಲಿ ಕುಯ್ ಅನ್ನುತ್ತಿರುತ್ತದೆ, ಅಲ್ವಾ? ಬೆಳಿಗ್ಗೆ ಸರಿಹೋಗುತ್ತದೆ ಅಂತ ನಾನೂ ಸುಮ್ನೆ ಇದ್ದೆ. ಒಂದು ಸಂಜೆ ಜಗಲಿಯಲ್ಲಿ ಕೂತಾಗ ಮನೆಯವರು "ಜೀರುಂಡೆ ಎಷ್ಟು ಕೂಗುತ್ತಿವೆ" ಅಂದರು. ನನಗೆ ಒಂದೂ ಕೇಳಿಸಲಿಲ್ಲ. ಸದ್ದಿನಿಂದ ಕಿವಿ ಕೆಟ್ಟರೆ ಮೊದಲು ಹೋಗುವುದು ಇಂಥ ಕೀರಲು ಸದ್ದುಗಳೇ. ಒಳಗಿವಿಯ ಸೂಕ್ಷ್ಮ ಕೂದಲಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕೈಗೆಟಕುವಷ್ಟು ಹತ್ತಿರ ನಿಂತವರ ಜೊತೆ ಕೂಗಿ ಮಾತಾಡಬೇಕಾದರೆ ಅಲ್ಲಿ ಸದ್ದು 85 ಡೆಸಿಬಲ್ (ಸದ್ದಿನ ಅಳತೆ) ದಾಟಿದೆ ಅಂತಲೇ ತಿಳಿಯಿರಿ. 85ರಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮೇಲಿನ ಪ್ರತಿ 3 ಡೆಸಿಬಲ್‌ಗೂ ಹೊತ್ತು ಅರ್ಧ ಆಗುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ, ಮರ ಕೊಯ್ಯುವ ಚೈನ್ ಸಾ ಅದಕ್ಕಿಂತಲೂ ಜಾಸ್ತಿ ಸದ್ದು ಮಾಡುತ್ತದೆ.

ಹಾಡು ಕೇಳುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಕಾಗುವುದಿಲ್ಲ. ಅದು ಬಸ್ಸಿನ ಇಂಜಿನ್ ಥರದ ಗುಂಯ್ ಸದ್ದನ್ನು ಚೆನ್ನಾಗಿ ಕಡಿಮೆ ಮಾಡುತ್ತದೆ, ಗರಗಸದ ಕಿರ್ರ್ ಅನ್ನುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಸಾಲದ್ದಕ್ಕೆ ಹಾಡು ಕೇಳಿಸಲಿ ಅಂತ ವಾಲ್ಯೂಮ್ ಬೇರೆ ಏರಿಸುತ್ತೀರಿ. ಡಬ್ಬಿ ಮೇಲೆ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ (ಎಷ್ಟು ಡೆಸಿಬಲ್ ತಡೆಯುತ್ತದೆ ಅನ್ನುವ ಲೆಕ್ಕ) ಅಂತ ಸಂಖ್ಯೆ ಇರುವ, ಇಡೀ ಕಿವಿ ಮುಚ್ಚುವ ಇಯರ್‌ಮಫ್ಫೇ ತೆಗೆದುಕೊಳ್ಳಿ. ಹಾಡು ಬೇಕೇ ಬೇಕು ಅನ್ನುವವರು ಒಳಗಿನ ಸದ್ದನ್ನು 82 ಡೆಸಿಬಲ್‌ಗೆ ಕಟ್ಟಿಹಾಕುವ ಬ್ಲೂಟೂತ್ ಮಫ್ ಹುಡುಕಿ.

ಡಬ್ಬಿ ಮೇಲಿನ ಸಂಖ್ಯೆಯನ್ನು ಹಾಗೇ ನಂಬಬೇಡಿ. ಎನ್‌ಆರ್‌ಆರ್ 25 ಇದ್ದರೆ 7 ಕಳೆದು ಅರ್ಧ ಮಾಡಿ, ಸಿಗುವುದು 9. ಅಂದರೆ 100ರ ಸದ್ದು ಕಿವಿಗೆ 91 ಆಗಿ ಬರುತ್ತದೆ, ಅದರಲ್ಲಿ ಇರಬಹುದಾದ್ದು 2 ಗಂಟೆ. ಚೈನ್ ಸಾ ಹಿಡಿಯುವವರು ಒಳಗೆ ಫೋಮ್ ಪ್ಲಗ್, ಮೇಲೆ ಮಫ್, ಎರಡೂ ಹಾಕಿ. ಎರಡರ ಸಂಖ್ಯೆ ಕೂಡಿಸಬೇಡಿ, ಜಾಸ್ತಿ ಸಿಗುವುದು ಸುಮಾರು 5 ಮಾತ್ರ. ಹಾಗಂತ ಸಣ್ಣ ಸದ್ದಿನ ಜಾಗಕ್ಕೆ ಅತಿ ದೊಡ್ಡದೂ ಬೇಡ, ಹಿಂದಿನಿಂದ ಯಾರಾದರೂ ಕೂಗಿದರೆ ಕೇಳಿಸಬೇಕು.

ಅಂಗಡಿಯಲ್ಲೇ ಹಾಕಿ ನೋಡಿ. ಕನ್ನಡಕ ಇದ್ದರೆ ಅದನ್ನೂ ಹಾಕಿಕೊಂಡೇ ನೋಡಿ, ಯಾಕೆಂದರೆ ಕನ್ನಡಕದ ಕಡ್ಡಿ, ಜುಮುಕಿ, ತಲೆಗೆ ಸುತ್ತಿದ ಟವೆಲ್ ಇವುಗಳಲ್ಲಿ ಯಾವುದು ಮಫ್ಫಿನ ಕುಶನ್ ಕೆಳಗೆ ಸಿಕ್ಕಿಕೊಂಡರೂ ಆ ಸಂದಿನಲ್ಲೇ ಸದ್ದು ನುಗ್ಗುತ್ತದೆ. ನಮ್ಮ ಮಳೆಗಾಲದಲ್ಲಿ ಕುಶನ್‌ಗೆ ಬೂಸಲು ಬರುತ್ತದೆ, ಒರೆಸಿ ಗಾಳಿಗೆ ಇಡಿ. ಒಣಗಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕಬೇಡಿ, ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕುಶನ್ ಮಾತ್ರ ಬೇರೆ ಸಿಗುವ ಮಾಡೆಲ್ ಆದರೆ ಒಳ್ಳೆಯದು.

ತಲೆ ಒತ್ತಿ ನೋಯಿಸುವಂಥದ್ದು ಎಷ್ಟೇ ದುಬಾರಿ ಆದರೂ ಬೇಡ, ಗಳಿಗೆಗೊಮ್ಮೆ ತೆಗೆಯುತ್ತೀರಿ. 8 ಗಂಟೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟರೂ 30 ಡೆಸಿಬಲ್ ತಡೆಯುವ ಮಫ್ 12ರಷ್ಟಕ್ಕೆ ಇಳಿಯುತ್ತದೆ. ಫೋನ್ ಬಂದರೆ ಮೊದಲು ಅಂಗಳಕ್ಕೆ ಬನ್ನಿ, ಆಮೇಲೆ ತೆಗೆಯಿರಿ.